ಕಾಲವನ್ನು ಕೇಳುವ ಬಗೆ: ಚೀನೀಯರ ಪ್ರಶ್ನಶಾಸ್ತ್ರವೂ ರೋಗಿಯ ಗಳಿಗೆಯೂ

ಮಾನವನು ದೈವದ ಮುಂದಿಡುವ ಪ್ರಶ್ನೆಗಳಲ್ಲಿ ‘ಏನು?’ ಎಂಬುದಕ್ಕಿಂತ ‘ಎಂದು?’ ಎಂಬುದೇ ಹೆಚ್ಚು ಕಾಡುವಂಥದು. ಮಗಳಿಗೆ ಸಂಬಂಧ ಕೂಡಿಬರುವುದು ಎಂದು? ಮಗನ ನೌಕರಿ ಖಾಯಂ ಆಗುವುದು ಎಂದು? ಹಾಸಿಗೆ ಹಿಡಿದ ತಂದೆ ಎದ್ದು ಓಡಾಡುವುದು ಎಂದು? ಊರನ್ನು ಬಿಟ್ಟು ಬಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿಯೂ ಈ ಪ್ರಶ್ನೆ ಊರಿನಲ್ಲಿದ್ದಂತೆಯೇ ಜೀವಂತವಾಗಿದೆ. ಅಡಿಗೆಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರೇ ಇದಕ್ಕೆ ಸಾಕ್ಷಿ.

‘ಎಂದು?’ ಎಂಬ ಈ ಪ್ರಶ್ನೆಯನ್ನು ಮೂರು ಸಾವಿರ ವರ್ಷಗಳಿಗೂ ಮಿಕ್ಕಿ ಎಡೆಬಿಡದೆ ಕೇಳುತ್ತ, ಉತ್ತರಕ್ಕಾಗಿ ಒಂದು ದೊಡ್ಡ ಶಾಸ್ತ್ರವನ್ನೇ ಕಟ್ಟಿದ ಮತ್ತೊಂದು ಜನಾಂಗ ಚೀನೀಯರದು. ಅವರ ಕಾಲನಿರ್ಣಯದ ಕ್ರಮವನ್ನು ಅರಿತುಕೊಳ್ಳುವುದು ಕೇವಲ ಕುತೂಹಲದ ಮಾತಲ್ಲ. ರೋಗವು ಮನೆಯ ಬಾಗಿಲಿಗೆ ಬಂದಾಗ ಯಾವ ಕಾಲವನ್ನು ನೋಡಬೇಕು, ಯಾವುದನ್ನು ನೋಡಬಾರದು ಎಂಬ ವಿವೇಕಕ್ಕೂ ಅದರಿಂದ ಬೆಳಕು ದೊರೆಯುತ್ತದೆ.

ಎಲುಬಿನ ಮೇಲೆ ಬರೆದ ಪ್ರಶ್ನೆ

ಚೀನೀಯರ ಅತಿ ಪ್ರಾಚೀನ ಬರವಣಿಗೆ ದೊರೆತಿರುವುದು ಪ್ರಶ್ನೆ ಕೇಳಿದ ಎಲುಬುಗಳ ಮೇಲೆಯೇ. ಷಾಂಗ್ ಅರಸರ ಕಾಲದಲ್ಲಿ ಎತ್ತಿನ ಹೆಗಲೆಲುಬನ್ನೋ ಆಮೆಯ ಹೊಟ್ಟೆಯ ಚಿಪ್ಪನ್ನೋ ಕಾಯಿಸಿ, ಅದರಲ್ಲಿ ಮೂಡಿದ ಬಿರುಕುಗಳನ್ನು ನೋಡಿ ಫಲ ಹೇಳುತ್ತಿದ್ದರು. ಕೇಳಿದ ದಿನವನ್ನೂ ಪ್ರಶ್ನೆಯನ್ನೂ ಕೆಲವೊಮ್ಮೆ ಮುಂದೆ ನಡೆದುದನ್ನೂ ಅದರ ಮೇಲೆಯೇ ಕೆತ್ತುತ್ತಿದ್ದರು. ಈ ಎಲುಬುಗಳ ಮೇಲಿನ ಗೆರೆಗಳು ಬರವಣಿಗೆಯೆಂದು ವಿದ್ವಾಂಸರು ಗುರುತಿಸಿದ್ದು 1899ರಲ್ಲಿ.

ಆ ಕಾಲದವರ ವಾರ ಏಳು ದಿನಗಳದಲ್ಲ, ಹತ್ತು ದಿನಗಳದು. ಒಂದು ವಾರ ಮುಗಿಯುವಾಗ, ಬರುವ ಹತ್ತು ದಿನಗಳಲ್ಲಿ ಕೇಡೇನಾದರೂ ಉಂಟೇ ಎಂದು ಅರಸನ ಪರವಾಗಿ ತಪ್ಪದೆ ಕೇಳುತ್ತಿದ್ದರು. ಹತ್ತು ದಿನಗಳ ಹತ್ತು ಹೆಸರುಗಳಿಗೆ ಬೇರೆ ಹನ್ನೆರಡು ಹೆಸರುಗಳನ್ನು ಕ್ರಮವಾಗಿ ಜೋಡಿಸುತ್ತ ಹೋದರೆ ಮೊದಲ ಜೋಡಿ ಮರಳಿ ಬರುವುದು ಅರುವತ್ತು ದಿನಗಳ ಮೇಲೆ. ಮುಂದೆ ಇದೇ ಚಕ್ರವನ್ನು ವರ್ಷಗಳಿಗೂ ಅನ್ವಯಿಸಿದರು. ಪ್ರಭವದಿಂದ ಅಕ್ಷಯದವರೆಗೆ ಅರುವತ್ತು ಸಂವತ್ಸರಗಳನ್ನು ಬಲ್ಲ ಕನ್ನಡಿಗರಿಗೆ ಈ ಲೆಕ್ಕ ಹೊಸದೆನಿಸದು.

ಈ ಎಲುಬುಗಳಲ್ಲಿ ಒಂದು ಆರೋಗ್ಯದ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ಕ್ರಿಸ್ತಪೂರ್ವ ಸುಮಾರು 1200ರಲ್ಲಿ ಆಳಿದ ಅರಸ ವೂ ಡಿಂಗ್‌ನ ರಾಣಿ ಫು ಹಾವೋ ತುಂಬು ಗರ್ಭಿಣಿ. ಹೆರಿಗೆ ಸುಸೂತ್ರವಾಗುವುದೇ ಎಂದು ಪ್ರಶ್ನೆ. ಅರಸನು ಬಿರುಕನ್ನು ಓದಿ, ಹತ್ತು ದಿನಗಳ ವಾರದಲ್ಲಿ ಎರಡು ದಿನಗಳನ್ನು ಹೆಸರಿಸಿ, ಆ ದಿನಗಳಲ್ಲಿ ಹೆರಿಗೆಯಾದರೆ ಶುಭವೆಂದು ಹೇಳಿದ. ಮೂವತ್ತೊಂದು ದಿನಗಳ ಬಳಿಕ ಹೆರಿಗೆಯಾಯಿತು. ಆದರೆ ಆ ಎರಡು ದಿನಗಳಲ್ಲಿ ಅಲ್ಲ. ‘ಶುಭವಾಗಲಿಲ್ಲ, ಹೆಣ್ಣು ಹುಟ್ಟಿತು’ ಎಂಬ ಅರ್ಥದ ಷರಾದೊಂದಿಗೆ ಆ ಬರೆಹ ಮುಗಿಯುತ್ತದೆ. ಇದರಲ್ಲಿನ ವಿಪರ್ಯಾಸವನ್ನು ಗಮನಿಸಬೇಕು. ಫು ಹಾವೋ ಸ್ವತಃ ದಂಡನ್ನು ನಡೆಸಿದ ಸೇನಾನಾಯಕಿ. 1976ರಲ್ಲಿ ಆನ್ಯಾಂಗ್ ನಗರದ ಬಳಿ ಅಗೆದು ತೆಗೆದ ಅವಳ ಸಮಾಧಿಯಲ್ಲಿ ಆಯುಧಗಳೂ ದೊರೆತವು. ಅಂಥವಳ ಮಗಳನ್ನು ‘ಅಶುಭ’ ಎಂದು ಬರೆದದ್ದು ಎಲುಬಲ್ಲ, ಎಲುಬನ್ನು ಓದಿದ ಮನುಷ್ಯರು. ಅರಸನು ದಿನಗಳನ್ನು ಗೊತ್ತುಮಾಡಿದ್ದರೂ ಮಗು ಬಂದದ್ದು ತನ್ನ ಕಾಲಕ್ಕೆ.

ಆರು ಗೆರೆಗಳಲ್ಲಿ ಕಾಲ

ಎಲುಬಿನ ಕ್ರಮ ಹಿಂದೆ ಸರಿದ ಮೇಲೆ ಚೀನದಲ್ಲಿ ಪ್ರಧಾನವಾದುದು ‘ಯೀ ಜಿಂಗ್’. ಪರಿವರ್ತನೆಯ ಗ್ರಂಥವೆಂಬುದು ಈ ಹೆಸರಿನ ಅರ್ಥ. ಮೂರು ನಾಣ್ಯಗಳನ್ನು ಆರು ಬಾರಿ ಎಸೆಯುವುದು ಇದರ ಸುಲಭ ವಿಧಾನ. ನಾಣ್ಯದ ಒಂದು ಮುಖಕ್ಕೆ ಮೂರು, ಇನ್ನೊಂದಕ್ಕೆ ಎರಡು ಎಂದು ಎಣಿಸಿದರೆ ಪ್ರತಿ ಎಸೆತದ ಮೊತ್ತ 6, 7, 8 ಅಥವಾ 9 ಆಗುತ್ತದೆ. ಬೆಸ ಸಂಖ್ಯೆಗೆ ಇಡಿಯ ಗೆರೆ, ಸಮ ಸಂಖ್ಯೆಗೆ ಮುರಿದ ಗೆರೆ. ಕೆಳಗಿನಿಂದ ಮೇಲಕ್ಕೆ ಆರು ಗೆರೆಗಳನ್ನು ಎಳೆದರೆ ಅರುವತ್ತನಾಲ್ಕು ಆಕೃತಿಗಳಲ್ಲಿ ಒಂದು ಸಿದ್ಧವಾಗುತ್ತದೆ. 6 ಮತ್ತು 9 ಬಂದ ಗೆರೆಗಳು ‘ಮುಪ್ಪಾದ’ ಗೆರೆಗಳು. ಅವು ತಮ್ಮ ವಿರುದ್ಧ ರೂಪಕ್ಕೆ ತಿರುಗಿ ಎರಡನೆಯ ಆಕೃತಿಯೊಂದನ್ನು ಕೊಡುತ್ತವೆ. ಮೊದಲನೆಯದು ಇಂದಿನ ಸ್ಥಿತಿ, ಎರಡನೆಯದು ಅದು ಸಾಗುತ್ತಿರುವ ದಿಕ್ಕು.

ಆದರೆ ಅದು ‘ಎಂದು’ ನಡೆದೀತು? ಇದಕ್ಕಾಗಿ ಬೇರೆಯೇ ಒಂದು ಲೆಕ್ಕ ಬೆಳೆಯಿತು. ಕ್ರಿಸ್ತಪೂರ್ವ ಒಂದನೆಯ ಶತಮಾನದ ಜಿಂಗ್ ಫಾಂಗ್ ಎಂಬ ಪಂಡಿತನಿಗೆ ಇದರ ಮೂಲವನ್ನು ಆರೋಪಿಸುತ್ತಾರೆ. ಆರು ಗೆರೆಗಳಲ್ಲಿ ಪ್ರತಿಯೊಂದಕ್ಕೂ ಮೇಲೆ ಹೇಳಿದ ಹನ್ನೆರಡು ಹೆಸರುಗಳಲ್ಲಿ ಒಂದನ್ನು ಕೊಡುವುದು. ಪ್ರಶ್ನೆ ಕೇಳಿದ ತಿಂಗಳು ಮತ್ತು ದಿನಗಳ ಹೆಸರಿನೊಂದಿಗೆ ಅದನ್ನು ಹೋಲಿಸಿ, ಆ ಗೆರೆಗೆ ಬಲವಿದೆಯೋ ಇಲ್ಲವೋ ಎಂದು ನೋಡುವುದು. ಹತ್ತು ದಿನಗಳಿಗೆ ಹನ್ನೆರಡು ಹೆಸರುಗಳನ್ನು ಹಂಚುವಾಗ ಪ್ರತಿ ವಾರದಲ್ಲಿಯೂ ಎರಡು ಹೆಸರುಗಳು ದಿನವಿಲ್ಲದೆ ಉಳಿಯುತ್ತವೆ. ಅವನ್ನು ‘ಶೂನ್ಯ’ವೆಂದು ಕರೆಯುತ್ತಾರೆ. ಪ್ರಶ್ನೆಗೆ ಸಂಬಂಧಿಸಿದ ಗೆರೆ ಶೂನ್ಯದಲ್ಲಿದ್ದರೆ ಈಗ ಕಾರ್ಯವಾಗದು, ಶೂನ್ಯ ಕಳೆದ ಮೇಲೆ ಆದೀತು ಎಂದು ಹೇಳುತ್ತಾರೆ. ಶೂನ್ಯಮಾಸದಲ್ಲಿ ಮದುವೆ ಮುಂಜಿಗಳನ್ನು ಮುಂದಕ್ಕೆ ಹಾಕುವ ಜನರಿಗೆ ಈ ಭಾವನೆ ಪರಿಚಿತವೇ ಸರಿ.

ಮತ್ತೊಂದು ವಿಧಾನಕ್ಕೆ ನಾಣ್ಯವೂ ಬೇಕಿಲ್ಲ. ‘ಪ್ಲಮ್ ಹೂವಿನ’ ಕ್ರಮವೆಂದು ಹೆಸರಾದ ಇದನ್ನು ಹನ್ನೊಂದನೆಯ ಶತಮಾನದ ತತ್ತ್ವಜ್ಞ ಷಾವ್ ಯುಂಗ್‌ನ ಹೆಸರಿಗೆ ಹಚ್ಚಲಾಗಿದೆ. ವರ್ಷ, ತಿಂಗಳು, ದಿನಗಳ ಸಂಖ್ಯೆಗಳನ್ನು ಕೂಡಿಸಿ ಎಂಟರಿಂದ ಭಾಗಿಸಿದರೆ ಉಳಿದ ಶೇಷ ಮೇಲಿನ ಮೂರು ಗೆರೆಗಳನ್ನು ಕೊಡುತ್ತದೆ. ಆ ಮೊತ್ತಕ್ಕೆ ಹೊತ್ತಿನ ಸಂಖ್ಯೆಯನ್ನೂ ಸೇರಿಸಿ ಮತ್ತೆ ಎಂಟರಿಂದ ಭಾಗಿಸಿದರೆ ಕೆಳಗಿನ ಮೂರು. ಹೊತ್ತು ಎಂದರೆ ಅವರ ದಿನದ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಎರಡು ಗಂಟೆ, ಸರಿಯಾಗಿ ಐದು ಗಳಿಗೆ. ಪ್ಲಮ್ ಮರದ ಕೊಂಬೆಯ ಮೇಲೆ ಎರಡು ಗುಬ್ಬಿಗಳು ಜಗಳಾಡಿ ನೆಲಕ್ಕೆ ಬಿದ್ದುದನ್ನು ಕಂಡು, ಮಾರನೆಯ ಸಂಜೆ ಹೂವು ಕೀಳಲು ಬರುವ ಹುಡುಗಿಯೊಬ್ಬಳು ಬಿದ್ದು ತೊಡೆಗೆ ಪೆಟ್ಟುಮಾಡಿಕೊಳ್ಳುವಳೆಂದು ಷಾವ್ ಯುಂಗ್ ಲೆಕ್ಕಹಾಕಿದನೆಂದು ಐತಿಹ್ಯ.

ಎಂಟರ ಶೇಷವನ್ನು ನೋಡುವ ಕ್ರಮ ಕಾಸರಗೋಡು ಮತ್ತು ತುಳುನಾಡಿನ ಕಡೆಯಿಂದ ಬಂದವರಿಗೆ ಅಷ್ಟಮಂಗಲ ಪ್ರಶ್ನೆಯನ್ನು ನೆನಪಿಗೆ ತರುತ್ತದೆ. ಅಲ್ಲಿ 108 ಕವಡೆಗಳನ್ನು ಮೂರು ಪಾಲು ಮಾಡಿ, ಪ್ರತಿ ಪಾಲಿನಿಂದ ಎಂಟೆಂಟಾಗಿ ತೆಗೆದು, ಉಳಿದ ಮೂರು ಶೇಷಗಳಿಂದ ಭೂತ, ವರ್ತಮಾನ, ಭವಿಷ್ಯಗಳನ್ನು ಹೇಳುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಕೇರಳದಲ್ಲಿ ರಚಿತವಾದ ‘ಪ್ರಶ್ನಮಾರ್ಗ’ ಈ ಪರಂಪರೆಯ ಪ್ರಸಿದ್ಧ ಗ್ರಂಥ. ಸಾವಿರಾರು ಮೈಲಿ ದೂರದ ಎರಡು ನಾಡುಗಳಲ್ಲಿ ಲೆಕ್ಕದ ರೀತಿ ಇಷ್ಟು ಹತ್ತಿರವಾಗಿರುವುದು ಸೋಜಿಗದ ಸಂಗತಿ.

ಕಾಲವೆಂದರೆ ಗಡಿಯಾರವಲ್ಲ

ಲೆಕ್ಕದ ಈ ಸೂಕ್ಷ್ಮಗಳನ್ನು ನೋಡಿದವರಿಗೆ ಚೀನೀಯರು ಕಾಲವನ್ನು ಗಡಿಯಾರದ ಮುಳ್ಳಿನಂತೆ ಕಂಡಿದ್ದರೆಂದು ತೋರಬಹುದು. ಅವರ ಶ್ರೇಷ್ಠ ವ್ಯಾಖ್ಯಾನಕಾರರ ಅಭಿಪ್ರಾಯ ಹಾಗಿಲ್ಲ. ಮೂರನೆಯ ಶತಮಾನದ ವಾಂಗ್ ಬೀ, ಇಪ್ಪತ್ತರ ಹರೆಯದಲ್ಲಿಯೇ ತೀರಿಕೊಂಡರೂ, ಯೀ ಜಿಂಗ್ ಗ್ರಂಥದ ಅರ್ಥವನ್ನೇ ಬದಲಿಸಿದವನು. ಆರು ಗೆರೆಗಳ ಆಕೃತಿಯೇ ಒಂದು ಕಾಲ. ಒಂದೊಂದು ಗೆರೆಯೂ ಆ ಕಾಲಕ್ಕೆ ತಕ್ಕ ನಡೆ ಎಂಬುದು ಅವನ ವಿವರಣೆಯ ಸಾರ. ಕಾಲವೆಂದರೆ ಇಲ್ಲಿ ಗಂಟೆಯಲ್ಲ. ಸ್ಥಿತಿ, ಸಂದರ್ಭ, ಹದ. ಬಿತ್ತನೆಗೆ ನೆಲ ಹದವಾಗಿದೆಯೇ ಎಂದು ರೈತನು ಮಣ್ಣನ್ನು ಹಿಡಿದು ನೋಡುವನಲ್ಲದೆ ಗೋಡೆಯ ಗಡಿಯಾರವನ್ನು ನೋಡುವುದಿಲ್ಲ.

ಪ್ಲಮ್ ಹೂವಿನ ಕ್ರಮದಲ್ಲಿಯೂ ಇದಕ್ಕೆ ನಿದರ್ಶನವಿದೆ. ಕೇಳುವವನು ನಡೆಯುತ್ತಿದ್ದರೆ ಫಲ ಬೇಗ, ಕುಳಿತಿದ್ದರೆ ತಡ, ನಿಂತಿದ್ದರೆ ನಡುವಣ ಗತಿ ಎಂದು ಅದರ ನಿಯಮ. ಅಂದರೆ ಲೆಕ್ಕ ಒಂದೇ ಆದರೂ ಮುಂದಿರುವ ಮನುಷ್ಯನ ಸ್ಥಿತಿಯನ್ನು ನೋಡದೆ ಕಾಲವನ್ನು ಹೇಳುವಂತಿಲ್ಲ.

ಭಾರತೀಯ ವೈದ್ಯವೂ ಈ ಮಾತನ್ನು ಸ್ಪಷ್ಟವಾಗಿ ಹೇಳಿದೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಕಾಲವನ್ನು ಎರಡು ಬಗೆಯಾಗಿ ವಿಂಗಡಿಸಲಾಗಿದೆ: ಒಂದು ಋತುಗಳಿಂದ ಕೂಡಿದ ಸಂವತ್ಸರ, ಇನ್ನೊಂದು ರೋಗಿಯ ಅವಸ್ಥೆ. ಯಾವ ಅವಸ್ಥೆಯಲ್ಲಿ ಯಾವ ಔಷಧಕ್ಕೆ ಕಾಲ, ಯಾವುದಕ್ಕೆ ಅಕಾಲ ಎಂಬುದನ್ನು ವೈದ್ಯನು ರೋಗಿಯನ್ನು ನೋಡಿ ತೀರ್ಮಾನಿಸಬೇಕು. ರೋಗಿಯ ದೇಹವೇ ಪಂಚಾಂಗವೆಂದರೆ ತಪ್ಪಾಗದು.

ಮಜಗಾಂವಿನ ಬಿದಿರಿನ ಕಡ್ಡಿಗಳು

ಚೀನೀಯರ ಪ್ರಶ್ನೆಯ ಕ್ರಮವನ್ನು ನೋಡಲು ಚೀನಕ್ಕೇ ಹೋಗಬೇಕೆಂದಿಲ್ಲ. ನವಿ ಮುಂಬಯಿಯಿಂದ ಹಾರ್ಬರ್ ಮಾರ್ಗದ ಲೋಕಲ್ ಹಿಡಿದು ಡಾಕ್‌ಯಾರ್ಡ್ ರೋಡ್ ನಿಲ್ದಾಣದಲ್ಲಿ ಇಳಿದರೆ, ಮಜಗಾಂವಿನ ಗಲ್ಲಿಯೊಂದರಲ್ಲಿ 1919ರಲ್ಲಿ ಕಟ್ಟಿದ ಸೀ ಯಪ್ ದೇವಾಲಯವಿದೆ. ಬಂದರಿನ ಕೆಲಸಕ್ಕೂ ವ್ಯಾಪಾರಕ್ಕೂ ಮುಂಬಯಿಗೆ ಬಂದ ಚೀನೀಯರು ಕಟ್ಟಿಕೊಂಡ ಗುಡಿ ಇದು. ಭಕ್ತರು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಕಿ ಬರೆದ ಕಡ್ಡಿಗಳ ಡಬ್ಬಿಯನ್ನು ಅಲುಗಿಸುತ್ತಾರೆ. ಹೊರಬಿದ್ದ ಕಡ್ಡಿಯ ಅಂಕಿಗೆ ಹೊಂದುವ ಚೀಟಿಯಲ್ಲಿ ಉತ್ತರ. ಚೀನದ ಹಲವು ಗುಡಿಗಳಲ್ಲಿ ಹಿಂದೆ ಔಷಧದ ಚೀಟಿಗಳೇ ಬೇರೆಯಾಗಿದ್ದವು. ಕಡ್ಡಿ ತೋರಿದ ಚೀಟಿಯನ್ನು ಹಿಡಿದು ಭಕ್ತರು ನೇರವಾಗಿ ಗಿಡಮೂಲಿಕೆಯ ಅಂಗಡಿಗೆ ಹೋಗುತ್ತಿದ್ದರು.

ಊರು ಬಿಟ್ಟು ಬಂದವರು ದೇವರನ್ನೂ ಪ್ರಶ್ನೆಯನ್ನೂ ಜೊತೆಯಲ್ಲಿ ತರುತ್ತಾರೆಂಬುದಕ್ಕೆ ಈ ಗುಡಿ ಸಾಕ್ಷಿಯಾಗಿ ನಿಂತಿದೆ. ಪರಸ್ಥಳದಲ್ಲಿ ಕಷ್ಟ ಬಂದಾಗ ಪರಿಚಿತವಾದ ಕ್ರಮವೊಂದು ಕೊಡುವ ಧೈರ್ಯವನ್ನು ಯಾರೂ ಹಗುರವಾಗಿ ಕಾಣಬಾರದು.

ಗೋಡೆಯ ಮೇಲಿನ ರಾಹುಕಾಲ

ಕನ್ನಡಿಗರೂ ಹಾಗೆಯೇ ತಮ್ಮ ಪಂಚಾಂಗಗಳನ್ನು ಹೊತ್ತು ತಂದಿದ್ದಾರೆ. ಮೈಸೂರಿನ ಕಡೆಯವರ ಮನೆಗೆ ಒಂಟಿಕೊಪ್ಪಲ್ ಪಂಚಾಂಗ ಬರುತ್ತದೆ. ಘಟ್ಟದ ಮೇಲಿನವರದು ಚಾಂದ್ರಮಾನ, ಕರಾವಳಿಯ ಅನೇಕರದು ಸೌರಮಾನ. ಜಯಂತರಾವ್ ಸಾಳಗಾಂವ್‌ಕರ್ 1973ರಲ್ಲಿ ಆರಂಭಿಸಿದ ‘ಕಾಲನಿರ್ಣಯ’ ಮರಾಠಿ ನೆರೆಯವರ ಗೋಡೆಯಿಂದ ಕನ್ನಡಿಗರ ಗೋಡೆಗೂ ಬಂದಿದೆ.

ಆದರೆ ಕಾಲಕ್ಕೆ ಸ್ಥಳದ ನಂಟಿದೆ ಎಂಬುದು ಮರೆತುಹೋಗುತ್ತದೆ. ರಾಹುಕಾಲವನ್ನೇ ನೋಡೋಣ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಪಾಲು ಮಾಡಿದರೆ ಸೋಮವಾರ ಎರಡನೆಯ ಪಾಲು ರಾಹುಕಾಲ. ಆರಕ್ಕೆ ಸೂರ್ಯ ಹುಟ್ಟಿ ಆರಕ್ಕೆ ಮುಳುಗುವನೆಂದು ಭಾವಿಸಿ ಏಳೂವರೆಯಿಂದ ಒಂಬತ್ತು ಎಂದು ಬಾಯಿಪಾಠ ಮಾಡಿಕೊಂಡವರೇ ಹೆಚ್ಚು. ಜನವರಿಯ ಆರಂಭದಲ್ಲಿ ಡೊಂಬಿವಲಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 7 ಗಂಟೆ 10 ನಿಮಿಷಕ್ಕೆ, ಮುಳುಗುವುದು ಸಂಜೆ ಸುಮಾರು 6 ಗಂಟೆ 10 ನಿಮಿಷಕ್ಕೆ. ಆಗ ಒಂದು ಪಾಲು ಸುಮಾರು 82 ನಿಮಿಷ. ಸೋಮವಾರದ ರಾಹುಕಾಲ ಸುಮಾರು ಎಂಟೂವರೆಯಿಂದ ಹತ್ತಕ್ಕೆ ಐದು ನಿಮಿಷ ಇರುವವರೆಗೆ. ಬಾಯಿಪಾಠವನ್ನು ನಂಬಿ ಒಂಬತ್ತು ಕಳೆಯಲೆಂದು ಕಾದು ಹೊರಟವನು ನಿಜವಾದ ರಾಹುಕಾಲದ ನಡುವಿನಲ್ಲಿಯೇ ಹೊಸ್ತಿಲು ದಾಟಿರುತ್ತಾನೆ!

ಬೆಂಗಳೂರಿಗೂ ಡೊಂಬಿವಲಿಗೂ ರೇಖಾಂಶದಲ್ಲಿ ಸುಮಾರು ನಾಲ್ಕೂವರೆ ಡಿಗ್ರಿ ಅಂತರ. ಡಿಗ್ರಿಯೊಂದಕ್ಕೆ ನಾಲ್ಕು ನಿಮಿಷದಂತೆ ಸೂರ್ಯನು ಇಲ್ಲಿ ನೆತ್ತಿಗೆ ಬರುವುದು 18 ನಿಮಿಷ ತಡವಾಗಿ. ಗಡಿಯಾರವೂ ಮನುಷ್ಯರ ಒಪ್ಪಂದವೇ. ದೇಶಕ್ಕೆಲ್ಲ ಒಂದೇ ಸಮಯವೆಂಬ ನಿಯಮ 1906ರಲ್ಲಿ ಬಂದರೂ ಮುಂಬಯಿ ನಗರವು 39 ನಿಮಿಷ ಹಿಂದಿನ ತನ್ನ ‘ಬಾಂಬೆ ಟೈಮ್’ ಅನ್ನು 1955ರವರೆಗೂ ಬಿಟ್ಟುಕೊಟ್ಟಿರಲಿಲ್ಲ. ಇನ್ನು ಪ್ರತಿ ಸೋಮವಾರವೂ ಕಲ್ಯಾಣ, ಡೊಂಬಿವಲಿ, ಠಾಣೆಗಳಿಂದ ಲಕ್ಷಾಂತರ ಜನ ಆ ಹೊತ್ತಿನಲ್ಲಿಯೇ ಲೋಕಲ್ ಹತ್ತಿ ಕೆಲಸಕ್ಕೆ ಹೋಗಿ, ಸಂಜೆ ಕ್ಷೇಮವಾಗಿ ಮನೆಗೆ ಮರಳುತ್ತಾರೆ. ಹೊಟ್ಟೆಪಾಡಿಗೆ ತಡೆಯಾಗದ ರಾಹುಕಾಲ ಆಸ್ಪತ್ರೆಯ ಹಾದಿಗೆ ಮಾತ್ರ ಏಕೆ ತಡೆಯಾಗಬೇಕು?

ವೈದ್ಯರು ಕೇಳುವ ‘ಎಂದು?’

ಇಲ್ಲಿಯೇ ವಿಷಯದ ಮರ್ಮವಿದೆ. ಪಾರ್ಶ್ವವಾಯು ಬಡಿದವನನ್ನು ಆಸ್ಪತ್ರೆಗೆ ತಂದೊಡನೆ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ಇದು ಆರಂಭವಾದದ್ದು ಎಷ್ಟು ಹೊತ್ತಿಗೆ ಎಂಬುದು. ಅವರಿಗೂ ‘ಎಂದು’ ಎಂಬುದೇ ಮುಖ್ಯ. ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಗರಣೆಯನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಆ ಅವಧಿಯಲ್ಲಿಯೂ ಬೇಗ ಕೊಟ್ಟಷ್ಟು ಗುಣ ಹೆಚ್ಚು. ಹೃದಯಾಘಾತದಲ್ಲಿ ರಕ್ತನಾಳ ಮುಚ್ಚಿಕೊಂಡಿರುವಷ್ಟು ಹೊತ್ತೂ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. ಮೊದಲ ಒಂದೆರಡು ಗಂಟೆಗಳ ಚಿಕಿತ್ಸೆ ಉಳಿಸುವಷ್ಟನ್ನು ಆಮೇಲಿನದು ಉಳಿಸಲಾರದು. ಅಮಾವಾಸ್ಯೆ ಕಳೆಯಲಿ, ರಾಹುಕಾಲ ಮುಗಿಯಲಿ ಎಂದು ಒಂದೂವರೆ ಗಂಟೆ ಕಾದರೆ ಕಳೆದುಹೋಗುವುದು ಅಶುಭ ಕಾಲವಲ್ಲ, ಬದುಕುವ ಕಾಲ.

ಆದುದರಿಂದ ಮುಖ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಸೋತು ಕೆಳಗೆ ಬಿದ್ದರೆ, ಮಾತು ತೊದಲಿದರೆ, ಅಥವಾ ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಿದು ತಣ್ಣನೆಯ ಬೆವರು ಬಂದರೆ, ಮನೆಯವರು ಮಾಡಬೇಕಾದ ಕಾಲನಿರ್ಣಯ ಇಷ್ಟೇ: ಗಡಿಯಾರ ನೋಡಿ ಆ ಹೊತ್ತನ್ನು ಚೀಟಿಯ ಮೇಲೆ ಬರೆದಿಟ್ಟುಕೊಳ್ಳುವುದು, ಕೂಡಲೇ ಹೊರಡುವುದು. ಮಹಾರಾಷ್ಟ್ರದಲ್ಲಿ 2014ರಿಂದ ಆಂಬುಲೆನ್ಸಿಗೆ 108 ಎಂಬ ಸಂಖ್ಯೆ ಇದೆ. ಅಷ್ಟಮಂಗಲದ ಕವಡೆಗಳ ಸಂಖ್ಯೆಯೂ ಅದೇ ಆಗಿರುವುದು ಕಾಕತಾಳೀಯ, ನೆನಪಿಟ್ಟುಕೊಳ್ಳಲು ಅನುಕೂಲ.

ಹೆರಿಗೆಯ ವಿಷಯದಲ್ಲಿ ಬೇರೊಂದು ಎಚ್ಚರ ಅಗತ್ಯ. ಒಳ್ಳೆಯ ನಕ್ಷತ್ರದಲ್ಲಿ ಮಗು ಹುಟ್ಟಲೆಂದು ಮುಹೂರ್ತ ನೋಡಿ ಶಸ್ತ್ರಕ್ರಿಯೆ ಮಾಡಿಸುವ ರೂಢಿ ನಗರಗಳಲ್ಲಿ ಕಂಡುಬರುತ್ತದೆ. ವೈದ್ಯಕೀಯ ಕಾರಣವಿಲ್ಲದೆ 39 ವಾರ ತುಂಬುವ ಮೊದಲೇ ಹೀಗೆ ತೆಗೆದ ಮಕ್ಕಳಲ್ಲಿ ಉಸಿರಾಟದ ತೊಂದರೆ ಹೆಚ್ಚು. ಶ್ವಾಸಕೋಶ ಬಲಿಯುವುದು ತನ್ನ ಕಾಲಕ್ಕೆ. ಅದಕ್ಕೆ ನಕ್ಷತ್ರದ ಹಂಗಿಲ್ಲ. ವೂ ಡಿಂಗ್ ಅರಸನಿಗೂ ಒಲಿಯದ ದಿನವನ್ನು ಕತ್ತರಿಯಿಂದ ಒಲಿಸಿಕೊಳ್ಳಹೊರಟರೆ ಅದರ ಬೆಲೆ ತೆರುವುದು ಎಳೆಯ ಕೂಸು.

ನಂಬಿಕೆಯ ಭಾರ

ಕಾಲದ ಬಗೆಗಿನ ಭಯ ತಾನೇ ಒಂದು ರೋಗವಾಗಬಲ್ಲದು. ಚೀನೀ ಜ್ಯೋತಿಷದಲ್ಲಿ ಹುಟ್ಟಿದ ವರ್ಷಕ್ಕೂ ದೇಹದ ಅಂಗಕ್ಕೂ ಸಂಬಂಧ ಹೇಳುತ್ತಾರೆ. ಅಗ್ನಿತತ್ತ್ವದ ವರ್ಷದವರಿಗೆ ಹೃದಯ, ಲೋಹತತ್ತ್ವದ ವರ್ಷದವರಿಗೆ ಶ್ವಾಸಕೋಶ ದುರ್ಬಲ ಎಂಬಂತೆ. ಅಮೆರಿಕದಲ್ಲಿ ನೆಲೆಸಿದ 28,169 ಚೀನೀ ಮೂಲದವರ ಮರಣದ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 1993ರಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ತಮ್ಮ ವರ್ಷಕ್ಕೆ ಕೇಡೆಂದು ಹೇಳಲಾದ ರೋಗವೇ ಬಂದವರು ಅದೇ ರೋಗದ ಇತರರಿಗಿಂತ 1.3ರಿಂದ 4.9 ವರ್ಷ ಮೊದಲೇ ತೀರಿಕೊಂಡಿದ್ದರು. ಸಂಪ್ರದಾಯಕ್ಕೆ ಹೆಚ್ಚು ಅಂಟಿಕೊಂಡವರಲ್ಲಿ ಈ ನಷ್ಟವೂ ಹೆಚ್ಚು. ಅದೇ ಬಗೆಯ ವರ್ಷಗಳಲ್ಲಿ ಹುಟ್ಟಿದ ಬಿಳಿಯ ಅಮೆರಿಕನ್ನರಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಕೊಂದದ್ದು ವರ್ಷವಲ್ಲ, ವರ್ಷದ ಹೆಸರಿನಲ್ಲಿ ಕೈಬಿಟ್ಟ ಆಸೆ ಎಂಬುದು ಆ ಅಧ್ಯಯನದ ಸೂಚನೆ.

ಜಪಾನಿನಲ್ಲಿಯೂ ಚೀನದಿಂದ ಬಂದ ಅರುವತ್ತರ ಚಕ್ರವೇ ಬಳಕೆಯಲ್ಲಿತ್ತು. ಅದರಲ್ಲಿ ‘ಅಗ್ನಿ ಕುದುರೆ’ಯ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಕೇಡೆಂಬ ನಂಬಿಕೆ. 1965ರಲ್ಲಿ ಸುಮಾರು 18.2 ಲಕ್ಷ ಇದ್ದ ಜನನಗಳು ಆ ಹೆಸರಿನ 1966ರಲ್ಲಿ ಸುಮಾರು 13.6 ಲಕ್ಷಕ್ಕೆ ಇಳಿದವು. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗದೆಂಬ ಮಾತು ಕೇಳಿ ನೊಂದ ಕನ್ನಡ ಮನೆಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿವೇಕದ ಮುಹೂರ್ತ

ಹಾಗಾದರೆ ಪಂಚಾಂಗವನ್ನು ಗೋಡೆಯಿಂದ ಕೆಳಗಿಳಿಸಬೇಕೆ? ಅದರ ಅಗತ್ಯವಿಲ್ಲ. ಕಾಯಲು ಅವಕಾಶವಿರುವ ಕೆಲಸಗಳಿವೆ: ಗೃಹಪ್ರವೇಶ, ನಾಮಕರಣ, ಅಕ್ಷರಾಭ್ಯಾಸ. ವೈದ್ಯರೇ ಬೇಕಾದ ದಿನವನ್ನು ಆರಿಸಿಕೊಳ್ಳಿ ಎಂದು ಬಿಟ್ಟುಕೊಟ್ಟ ಕಣ್ಣಿನ ಪೊರೆಯ ಶಸ್ತ್ರಕ್ರಿಯೆಯಂಥ ಚಿಕಿತ್ಸೆಗಳೂ ಇವೆ. ಅಂಥಲ್ಲಿ ಹಿರಿಯರ ಮನಸ್ಸಿಗೆ ಒಪ್ಪುವ ದಿನವನ್ನು ನೋಡುವುದರಿಂದ ರೋಗಿಗೆ ಧೈರ್ಯ ಬರುವುದಾದರೆ ಅದೂ ಒಂದು ಉಪಚಾರವೇ. ಚೀನೀಯರ ಪಂಚಾಂಗದಲ್ಲಿಯೂ ವೈದ್ಯನನ್ನು ಕಾಣಲು ಇಂಥ ದಿನ ಒಳ್ಳೆಯದೆಂದು ಬರೆದಿರುತ್ತದೆ. ‘ತೆಗೆದುಹಾಕುವ ದಿನ’ವೆಂಬ ಹೆಸರಿನ ದಿನ ರೋಗವನ್ನು ಕಳೆಯಲು ಪ್ರಶಸ್ತವೆಂದು ಅವರ ಎಣಿಕೆ.

ಆದರೆ ಕಾಯಲು ಅವಕಾಶವಿಲ್ಲದ ಹೊತ್ತಿನಲ್ಲಿ ಕಾಲವನ್ನು ತಿಥಿಯಲ್ಲಿ ಹುಡುಕಬಾರದು, ರೋಗಿಯ ಮುಖದಲ್ಲಿ ಹುಡುಕಬೇಕು. ವಾಂಗ್ ಬೀ ಹೇಳಿದ ‘ಸ್ಥಿತಿಯೇ ಕಾಲ’ವೂ ಚರಕನು ಹೇಳಿದ ‘ಅವಸ್ಥೆಯೇ ಕಾಲ’ವೂ ಕೂಡುವುದು ಇಲ್ಲಿಯೇ. ನಡುರಾತ್ರಿಯಲ್ಲಿ ಮಹಡಿಯ ಮೇಲಿನ ಮುದುಕರಿಗೆ ಎದೆನೋವು ಬಂದಾಗ ಊರಿನ ಬಂಧುಗಳು ದೂರ. ಹತ್ತಿರವಿರುವವರು ಪಕ್ಕದ ಬಾಗಿಲಿನವರು. ಯಾವ ಆಸ್ಪತ್ರೆಯಲ್ಲಿ ಹೃದಯದ ಚಿಕಿತ್ಸೆ ರಾತ್ರಿಯೂ ದೊರೆಯುತ್ತದೆ, ಯಾರ ಮನೆಯಲ್ಲಿ ವಾಹನವಿದೆ, ಔಷಧಗಳ ಪಟ್ಟಿ ಎಲ್ಲಿದೆ ಎಂಬುದನ್ನು ಇಂದೇ ಒಂದು ಹಾಳೆಯಲ್ಲಿ ಬರೆದು ಆ ಪಂಚಾಂಗದ ಪಕ್ಕದಲ್ಲಿಯೇ ಅಂಟಿಸಿಡುವುದು ಪ್ರತಿಯೊಂದು ಮನೆಗೂ ಕ್ಷೇಮ. ಆ ಹಾಳೆಯನ್ನು ಬರೆಯುವುದಕ್ಕೆ ಎಲ್ಲ ದಿನವೂ ಶುಭದಿನ, ಎಲ್ಲ ಗಳಿಗೆಯೂ ಸುಮುಹೂರ್ತ.